ಗಾಯದ ಹದ

ಹೋದ ತಿಂಗಳು, ಹೊಸದಾಗಿ ನರ್ಸ್ ಕೆಲಸಕ್ಕೆ ಸೇರಿದ ಹುಡುಗಿಯೊಬ್ಬಳು ರೋಣದ ನಮ್ಮ ಮನೆಗೆ ಬಂದಿದ್ದಳು. ಚಹಾದ ಕಪ್ಪು ಕೈಗೆ ಕೊಡುವ ಮೊದಲೇ, "ಮೇಡಂ, ನನ್ನ ಡ್ರೆಸ್ಸಿಂಗ್ ರೂಮಿಗೆ ಹಾಕ್ಯಾರ್ರಿ" ಎಂದಳು. ಯಾರೋ ತೀರಿಕೊಂಡ ಸುದ್ದಿ ತಂದವಳ ಹಾಗಿತ್ತು ಮುಖ. ನನಗೆ ನಗು ಬಂತು, ಆಮೇಲೆ ನಗಬಾರದಿತ್ತು ಅನ್ನಿಸಿತು. ಹೆರಿಗೆ ವಾರ್ಡಿಗೆ ಹಾಕಿದರೆ ಆಗಾಗ ಪೇಡೆಯಾದರೂ ಸಿಗುತ್ತದೆ. ಡ್ರೆಸ್ಸಿಂಗ್ ರೂಮಿನಲ್ಲಿ ಸಿಗುವುದು ವಾಸನೆ. ಮನೆಗೆ ಬಂದು ಸ್ನಾನ ಮಾಡಿ ಊಟಕ್ಕೆ ಕುಳಿತರೂ ಅದು ಮೂಗು ಬಿಟ್ಟು ಹೋಗುವುದಿಲ್ಲ.

ನರಗುಂದ, ಗಜೇಂದ್ರಗಡ, ರೋಣ ಈ ಮೂರು ಊರುಗಳ ಸುತ್ತಮುತ್ತಲೇ ನನ್ನ ನೌಕರಿ ಮುಗಿಯಿತು. ಬಹುಪಾಲು ಆ ಕೋಣೆಯಲ್ಲೇ. ಯಾವ ಘಟನೆ ಯಾವ ದವಾಖಾನೆಯಲ್ಲಿ ನಡೆಯಿತು ಎಂದು ಬರೆಯುವುದಿಲ್ಲ. ತಪ್ಪು ಮಾಡಿದವಳು ನಾನು, ಅದನ್ನು ಕಟ್ಟಡದ ಮೇಲೆ ಯಾಕೆ ಹಾಕಲಿ? ಬಡ್ತಿಯ ಕಥೆಯನ್ನೂ ಹೇಳುವುದಿಲ್ಲ. ಅದು ಬರುವ ಹೊತ್ತಿಗೆ ನನ್ನ ಮೊಣಕಾಲು ಹೋಗಿದ್ದವು. ಆ ಹುಡುಗಿಗೆ ಅಂದು ಏನೂ ಹೇಳಲಾಗಲಿಲ್ಲ, ಅದಕ್ಕೇ ಇದನ್ನು ಬರೆಯಲು ಕುಳಿತೆ. ಅಪಘಾತದ ಗಾಯ ಬಂದರೆ ಇಡೀ ದವಾಖಾನೆ ಓಡಿ ಬರುತ್ತದೆ. ನಾನು ಬರೆಯುತ್ತಿರುವುದು ತಿಂಗಳುಗಟ್ಟಲೆ, ವರ್ಷಗಟ್ಟಲೆ ಮಾಯದ ಗಾಯಗಳ ಬಗ್ಗೆ. ಅವುಗಳ ಹತ್ತಿರ ಯಾರೂ ಓಡಿ ಬರುವುದಿಲ್ಲ.

ನಾನು ಕೆಲಸ ಕಲಿತ ಕಾಲದಲ್ಲಿ ನಮಗಿದ್ದದ್ದು ಒಂದೇ ಮಂತ್ರ: ಗಾಯ ಒಣಗಬೇಕು. ಬೆಳಿಗ್ಗೆ ಬಾಗಿಲು ತೆಗೆದರೆ ಸಾಲು ನಿಂತಿರುತ್ತಿತ್ತು. ಹಿಂದಿನ ದಿನ ಕಟ್ಟಿದ ಪಟ್ಟಿ ಗಾಯಕ್ಕೆ ಒಣಗಿ ಅಂಟಿರುತ್ತಿತ್ತು. ಅದನ್ನು ಚರ್ರೆಂದು ಎಳೆಯುವುದು, ಪೆರಾಕ್ಸೈಡ್ ಸುರಿಯುವುದು, ಕೆಂಪು ಔಷಧ ಹಚ್ಚುವುದು, ಮತ್ತೆ ಒಣ ಪಟ್ಟಿ ಕಟ್ಟುವುದು. ಪೆರಾಕ್ಸೈಡ್ ಬಿದ್ದಾಗ ಬುಸ್ಸೆಂದು ಏಳುವ ನೊರೆ ನೋಡಿ ಜನಕ್ಕೆ ಸಮಾಧಾನ. "ನೊರಿ ಬಂತು ನೋಡ್ರಿ, ಔಷಧ ನಾಟೇತಿ" ಅನ್ನುತ್ತಿದ್ದರು. ಕೆಟ್ಟ ಹುಳದ ಜೊತೆ ಹೊಸ ಮಾಂಸವನ್ನೂ ಅದು ಸುಡುತ್ತದೆ ಎಂದು ನನಗೆ ಗೊತ್ತಾದದ್ದು ಎಷ್ಟೋ ವರ್ಷಗಳ ನಂತರ.

ಆ ಕೋಣೆಯಲ್ಲಿ ನನಗಿಂತ ಮೊದಲೇ ಇದ್ದವರು ಡ್ರೆಸ್ಸರ್ ಬಾಷಾಸಾಬರು. ನಾನು ಕಾಕಾ ಎನ್ನುತ್ತಿದ್ದೆ. ನಾನು ನಾಲ್ಕು ಜನರ ಪಟ್ಟಿ ಮುಗಿಸುವಷ್ಟರಲ್ಲಿ ಅವರದು ಒಂದು ಮುಗಿಯುತ್ತಿತ್ತು. ಅಂಟಿದ ಪಟ್ಟಿಯ ಮೇಲೆ ಸಲೈನ್ ನೀರು ಬಿಟ್ಟು, ಸ್ಟೂಲಿನ ಮೇಲೆ ಕುಳಿತು, ಎದುರಿಗಿದ್ದವರ ಜೊತೆ ಹರಟೆಗೆ ಇಳಿಯುತ್ತಿದ್ದರು. ಎತ್ತು ಎಷ್ಟಿವೆ, ನೀರು ಎಲ್ಲಿಂದ ತರುತ್ತೀರಿ, ದಿನವಿಡೀ ಎಲ್ಲಿ ಕುಳಿತಿರುತ್ತೀರಿ, ಇಂಥವೇ ಪ್ರಶ್ನೆಗಳು. ಪಟ್ಟಿ ನೆನೆದು ತಾನಾಗಿ ಬಿಡುವವರೆಗೆ ಅವರ ಪಂಚಾಯಿತಿ ನಡೆಯುತ್ತಿತ್ತು.

ಒಂದು ದಿನ ನಮ್ಮ ಡಾಕ್ಟರ್ ಸಾಹೇಬರು ಬಾಗಿಲಲ್ಲಿ ನಿಂತು ರೇಗಿದರು. "ಬಾಷಾ, ಇಲ್ಲೇನು ಸಂತಿ ನಡದೈತೇನು? ಹೊರಗ ಸಾಲು ನೋಡು. ಲಗೂ ಎಳದು ಒಗಿ ಅದನ್ನ."

ಕಾಕಾ ತಲೆ ಎತ್ತಲಿಲ್ಲ. "ತೊಯ್ಲಿ ತಡೀರಿ ಸಾಹೇಬ್ರ. ಈಗ ಎಳದ್ರ ಪಟ್ಟಿ ಕೂಡ ಹೊಸಾ ಚರ್ಮಾನೂ ಬರತೈತಿ."

ಸಾಹೇಬರು ಹೋದ ಮೇಲೆ ನಾನೇ ಮುಂದೆ ಹೋಗಿ ಪಕ್ಕದ ಮಂಚದವನ ಪಟ್ಟಿ ಎಳೆದೆ. ಹೊಸದಾಗಿ ಬಂದವಳು, ಚುರುಕಾಗಿದ್ದೇನೆ ಎಂದು ತೋರಿಸಬೇಕಿತ್ತು. ಗಾಯದ ತುಂಬ ರಕ್ತದ ಚುಕ್ಕೆ ಎದ್ದವು. ರಕ್ತ ಬಂದರೆ ಒಳ್ಳೆಯದು, ಗಾಯ ಜೀವಂತ ಇದೆ ಎಂದು ನಮಗೆ ಕಲಿಸಿದ್ದರು. ಕಾಕಾ ಸಿಟ್ಟಾಗಲಿಲ್ಲ, ಬೇಸರದಿಂದ ನೋಡಿದರು. "ತಂಗಿ, ನಿನ್ನೆಯಿಂದ ಇವತ್ತಿನ ತನಕ ಅವನ ಮೈ ಕಷ್ಟಪಟ್ಟು ಕಟ್ಟಿದ್ದನ್ನ ಒಂದು ಗಳಿಗ್ಯಾಗ ಕಿತ್ತಿ ನೋಡು" ಎಂದರು. ನಾನು ಕಲಿತೆ ಎಂದು ಹೇಳಿದರೆ ಸುಳ್ಳಾಗುತ್ತದೆ. ಮರುದಿನವೂ ಎಳೆದೆ, ಅದರ ಮರುದಿನವೂ ಎಳೆದೆ. ಸಾಲು ಉದ್ದ ಇತ್ತು.

ಮುಶಿಗೇರಿಯ ಫಕೀರಪ್ಪನ ನೆನಪಾಗುತ್ತದೆ. ಮೊಣಕಾಲ ಕೆಳಗೆ ಅಂಗೈ ಅಗಲದ ಗಾಯ. ನಮ್ಮ ಕಡೆ ಒಂದು ಅಭ್ಯಾಸವಿದೆ. ನುಂಗಲು ಕೊಟ್ಟ ಕ್ಯಾಪ್ಸೂಲು ಒಡೆದು, ಒಳಗಿನ ಪುಡಿಯನ್ನು ಗಾಯದ ಮೇಲೆ ಉದುರಿಸುವುದು. ಹೊಟ್ಟೆಗೆ ಹೋಗಿ ಸುತ್ತು ಹಾಕಿ ಕಾಲಿಗೆ ಬರುವ ಬದಲು ನೇರ ಗಾಯಕ್ಕೇ ಹಾಕಿದರೆ ಲಗೂ ಗುಣ ಆಗುತ್ತದೆ ಎಂಬ ಲೆಕ್ಕ. ಫಕೀರಪ್ಪ ತಿಂಗಳುಗಟ್ಟಲೆ ಪುಡಿ ಹಾಕಿ ಹಾಕಿ, ಗಾಯದ ಮೇಲೆ ಹಳದಿ ಹಕ್ಕಳೆ ಕಟ್ಟಿತ್ತು. "ನೋಡ್ರಿ ಅಕ್ಕಾರ, ಹ್ಯಾಂಗ ಒಣಗೇತಿ" ಎಂದು ಹೆಮ್ಮೆಯಿಂದ ಕಾಲು ಮುಂದೆ ಚಾಚಿದ. ನಾನೂ ಭೇಷ್ ಎಂದೆ. ಮುಟ್ಟಲಿಲ್ಲ, ಒತ್ತಿ ನೋಡಲಿಲ್ಲ, ಮೇಲೊಂದು ಒಣ ಪಟ್ಟಿ ಸುತ್ತಿ ಕಳಿಸಿದೆ.

ಎಂಟು ದಿನಕ್ಕೆ ಚಳಿಜ್ವರದಲ್ಲಿ ನಡುಗುತ್ತ ಬಂದ. ಹಕ್ಕಳೆಯ ಕೆಳಗೆ ಕೀವು ಕೊಳದ ಹಾಗೆ ನಿಂತಿತ್ತು. ಕಾಕಾ ಅದನ್ನು ನೆನೆಸಿ ತೆಗೆಯುವಾಗ ಫಕೀರಪ್ಪ ನರಳುತ್ತಲೇ ಹೇಳಿದ. "ಎರಿ ಮಣ್ಣಿನ ಹೊಲಾನೂ ಹಿಂಗ ಮೋಸ ಮಾಡತೈತ್ರಿ. ಮ್ಯಾಲ ಒಣಗಿದಂಗ ಕಾಣತೈತಿ, ಕಾಲಿಟ್ರ ಒಳಗ ಹುಗಿತೈತಿ. ನಂಗರ ಗೊತ್ತಾಗಬೇಕಿತ್ತು." ಗೊತ್ತಾಗಬೇಕಾಗಿದ್ದದ್ದು ನನಗೆ. ಆದರೆ ಅವನು ತನ್ನನ್ನೇ ಬೈದುಕೊಂಡ, ನಾನು ಸುಮ್ಮನೆ ಕೇಳಿಸಿಕೊಂಡೆ. ಅವನು ಉಳಿದ. ಆ ಮೌನ ಮಾತ್ರ ಇವತ್ತಿಗೂ ಚುಚ್ಚುತ್ತದೆ.

ಕಾಕಾ ನಿವೃತ್ತರಾದರು. ಕೆಲವು ವರ್ಷಗಳ ಮೇಲೆ ನಮ್ಮನ್ನು ತರಬೇತಿಗೆ ಕರೆದರು. ಗಾಯ ಒಣಗಬಾರದು, ಹಸಿಯಾಗಿರಬೇಕು, ಹಸಿ ಇದ್ದರೆ ಹೊಸ ಚರ್ಮ ಬೇಗ ಹಬ್ಬುತ್ತದೆ ಎಂದು ಪರದೆಯ ಮೇಲೆ ಚಿತ್ರ ತೋರಿಸಿ ಹೇಳಿದರು. ನನ್ನ ಪಕ್ಕ ಕುಳಿತಿದ್ದ ಹಿರಿಯ ಸಿಸ್ಟರ್, "ಇಷ್ಟ ದಿನಾ ನಾವು ಮಾಡಿದ್ದೇನು ಹಂಗಾರ?" ಎಂದು ಗೊಣಗಿದರು. ನನಗೆ ಸ್ಟೂಲಿನ ಮೇಲೆ ಕುಳಿತ ಕಾಕಾರ ಬೆನ್ನು ಕಣ್ಣ ಮುಂದೆ ಬಂತು.

ನಂತರ ಬೆಳ್ಳಿ ಸೇರಿಸಿದ ಹೊಸ ಪಟ್ಟಿಗಳು ಬಂದವು. ಗಾಯದೊಳಗಿನ ಕೆಟ್ಟ ಜೀವಾಣುಗಳನ್ನು ಬೆಳ್ಳಿ ಕೊಲ್ಲುತ್ತದೆ, ದಿನವೂ ಬಿಚ್ಚಿ ಕಟ್ಟುವ ಕಾಟವಿಲ್ಲ. ನಮ್ಮ ಮೇಲಿನವರು ಅವನ್ನು ಕಪಾಟಿನಲ್ಲಿಟ್ಟು ಬೀಗ ಹಾಕಿದರು. ಇನ್ಸ್ಪೆಕ್ಷನ್ ಬಂದಾಗ ತೋರಿಸಲು ಇರಲಿ ಎಂದು. ಹಟ ಮಾಡಿ ಬೀಗ ತೆಗೆಸಿದವಳು ನಾನು. ಹಟ ಮಾಡುವುದು ಗೊತ್ತಿತ್ತು, ಓದುವುದು ಗೊತ್ತಿರಲಿಲ್ಲ. ಆ ಪಟ್ಟಿಯನ್ನು ಬರೀ ಶುದ್ಧ ನೀರಿನಿಂದ ತೋಯಿಸಬೇಕು, ಸಲೈನಿನಲ್ಲಿ ಉಪ್ಪು ಇರುವುದರಿಂದ ಬೆಳ್ಳಿಯ ಗುಣ ಕೆಡುತ್ತದೆ ಎಂದು ಡಬ್ಬಿಯ ಮೇಲೆ ಸಣ್ಣ ಅಕ್ಷರದಲ್ಲಿ ಬರೆದಿತ್ತು. ನಾನು ತಿಂಗಳುಗಟ್ಟಲೆ ಸಲೈನಿನಲ್ಲೇ ಅದ್ದಿದೆ. ಹುಡುಗಿ, ಡಬ್ಬಿ ಓದು. ಇದೊಂದೇ ಮಾತಿಗೆ ಈ ಬರಹ ನಿಲ್ಲಿಸಬಹುದಿತ್ತು. ಆದರೆ ಶಂಕ್ರವ್ವನದು ಹೇಳದೆ ನಿಲ್ಲಿಸಲಾರೆ.

ಶಂಕ್ರವ್ವ ಗಜೇಂದ್ರಗಡದವಳು, ಹೆಚ್ಚುಕಡಿಮೆ ನನ್ನದೇ ವಯಸ್ಸು. ಸಕ್ಕರೆ ಕಾಯಿಲೆ. ಅಂಗಾಲಿನಲ್ಲಿ ಸ್ಪರ್ಶವೇ ಸತ್ತಿತ್ತು. ಬಲಗಾಲ ಹೆಬ್ಬೆರಳಿನ ಬುಡದಲ್ಲಿ, ಅಂಗಾಲ ಕಡೆಗೆ, ಒಂದು ರೂಪಾಯಿ ಬಿಲ್ಲೆಯಷ್ಟು ಗಾಯ. ಆಗ ನಮ್ಮಲ್ಲಿದ್ದ ಡಾಕ್ಟರು ಚಿಕ್ಕ ವಯಸ್ಸಿನವರು, ಒಳ್ಳೆಯವರು. ಅವರು ನನ್ನನ್ನು ಪಕ್ಕಕ್ಕೆ ಕರೆದು, ಇದು ಬೇಗ ಕೂಡಿ ಮಾಯದಿದ್ದರೆ ಮೂಳೆಗೆ ಇಳಿಯುತ್ತದೆ, ಆಮೇಲೆ ಕಾಲು ಉಳಿಯುವುದು ಕಷ್ಟ ಎಂದರು. ಶಂಕ್ರವ್ವನ ಕಿವಿ ಚುರುಕು, ಕೇಳಿಸಿಕೊಂಡಿದ್ದಳು. ನಾನು ಹತ್ತಿರ ಬಂದಾಗ ನನ್ನ ಕೈ ಹಿಡಿದುಕೊಂಡಳು.

"ಅಕ್ಕಾರ, ಕಾಲೊಂದು ಉಳಸ್ರಿ."

"ಉಳಸ್ತೇನಿ, ಸುಮ್ಮಕಿರು ಬೇ" ಎಂದೆ. ಹಾಗೆ ಮಾತು ಕೊಡಬಾರದು. ನಾನು ಕೊಟ್ಟೆ.

ತರಬೇತಿ ತಲೆಗೇರಿತ್ತಲ್ಲ, ಹಸಿ ಇರಬೇಕು ಎಂಬುದೇ ಈಗ ಹೊಸ ಮಂತ್ರ. ಬೆಳ್ಳಿ ಪಟ್ಟಿಯನ್ನು ಚೆನ್ನಾಗಿ ತೋಯಿಸಿ ಇಟ್ಟೆ, ಮೇಲೆ ಗಾಳಿಯಾಡದ ಪ್ಲಾಸ್ಟಿಕ್ ಹಾಳೆ ಅಂಟಿಸಿ ಸುತ್ತಿದೆ. "ಐದು ದಿನಾ ಬಿಚ್ಚಬ್ಯಾಡ. ಕಾಲ ಮ್ಯಾಲ ಭಾರ ಹಾಕಬ್ಯಾಡ, ಅಡ್ಡಾಡಬ್ಯಾಡ" ಎಂದೆ.

"ನಾ ಎಲ್ಲಿ ಅಡ್ಡಾಡ್ತೇನ್ರಿ ಅಕ್ಕಾರ? ನಂದು ಕುಂತ ಕೆಲಸ" ಎಂದಳು.

ಕುಂತ ಕೆಲಸ ಎಂದದ್ದೇ ನನಗೆ ಸಾಕಾಯಿತು. ಏನು ಕೆಲಸ ಎಂದು ಕೇಳಲಿಲ್ಲ. ಹೊರಗೆ ಸಾಲು ಇತ್ತು.

ಐದನೆಯ ದಿನ ಹೇಳಿದ ಹೊತ್ತಿಗೆ ಸರಿಯಾಗಿ ಬಂದಳು. ಬಾಗಿಲು ದಾಟುವ ಮೊದಲೇ ವಾಸನೆ ಬಂತು. ಬಿಚ್ಚಿದೆ. ಪಟ್ಟಿ ಸೋರಿ ರಾಡಿಯಾಗಿತ್ತು. ಗಾಯದ ಸುತ್ತಲಿನ ಚರ್ಮ, ದಿನವಿಡೀ ಬಟ್ಟೆ ಒಗೆದವರ ಬೆರಳಿನ ಹಾಗೆ ಬಿಳುಚಿ ಮೆತ್ತಗಾಗಿ ಕಿತ್ತು ಬರುತ್ತಿತ್ತು. ಬಿಲ್ಲೆಯಷ್ಟಿದ್ದ ಗಾಯ ಹೆಬ್ಬೆರಳ ಸುತ್ತ ಹಬ್ಬಿ, ಬೆರಳು ಕಪ್ಪಾಗಿತ್ತು. ನನ್ನ ತಪ್ಪು ಮುಚ್ಚಿಕೊಳ್ಳಲು ಅವಳ ಮೇಲೆಯೇ ಹರಿಹಾಯ್ದೆ.

"ಇಷ್ಟ ಸೋರಾಕತ್ತೇತಿ, ನಿಂಗ ಗೊತ್ತಾಗಲಿಲ್ಲೇನು? ಮೊದಲ ಯಾಕ ಬರಲಿಲ್ಲ?"

"ಗೊತ್ತಾತ್ರಿ ಅಕ್ಕಾರ. ಎರಡನೇ ದಿನಾನ ಹಲಗಿ ಜಾರಾಕತ್ತಿತ್ತು. ಆದ್ರ ನೀವ ಐದು ದಿನಾ ಬಿಚ್ಚಬ್ಯಾಡ ಅಂದಿದ್ರಲ್ರಿ."

"ಯಾವ ಹಲಗಿ?"

"ಮಗ್ಗದ್ದು ಮತ್ತ. ತುಳಿಯೂ ಹಲಗಿ."

ಆಗ ತಿಳಿಯಿತು. ಅವಳು ನೇಕಾರ್ತಿ. ನೆಲದಲ್ಲಿ ತೆಗ್ಗು ತೋಡಿ ಹೂಡಿದ ಕೈಮಗ್ಗ ಅವಳದು. ತೆಗ್ಗಿನ ಅಂಚಿಗೆ ಕುಳಿತು ಕಾಲು ಕೆಳಗಿಳಿಸಿ, ಬರಿಗಾಲಲ್ಲಿ ಹಲಗೆ ತುಳಿಯುತ್ತಾಳೆ. ತುಳಿಯುವುದು ಸರಿಯಾಗಿ ಹೆಬ್ಬೆರಳ ಬುಡದಿಂದ. ಕುಂತ ಕೆಲಸವೇ, ಸುಳ್ಳು ಹೇಳಿರಲಿಲ್ಲ. ನಾನು ಹೇಳಿದ್ದನ್ನು ಅಕ್ಷರಶಃ ಪಾಲಿಸಿದ್ದಳು. ಅಷ್ಟು ನಂಬಿದ್ದಳು ನನ್ನನ್ನು.

ದೊಡ್ಡ ದವಾಖಾನೆಯಲ್ಲಿ ಅವಳ ಹೆಬ್ಬೆರಳು ತೆಗೆದರು. ಉಳಿದ ಗಾಯ ಕೂಡದಿದ್ದರೆ ಮುಂದೆ ಪಾದ ತೆಗೆಯಬೇಕಾದೀತು ಎಂದು ಬರೆದು ಕಳಿಸಿದರು. ಆ ಬೆರಳು ನನ್ನಿಂದ ಹೋಯಿತು. ಸಕ್ಕರೆ ಕಾಯಿಲೆ ಇತ್ತು, ಮಗ್ಗ ತುಳಿದಳು, ಎಲ್ಲ ನಿಜ. ಆದರೂ ನನ್ನಿಂದ ಹೋಯಿತು. ಡಾಕ್ಟರಿಗೆ ಹಾಗೇ ಹೇಳಿದೆ. ಅವರು ಬೈಯಲಿಲ್ಲ. "ಸಿಸ್ಟರ್, ಅವರ ಮನೆ ನೋಡಿಕೊಂಡು ಬನ್ನಿ" ಎಂದರು. ಬೈದಿದ್ದರೆ ಹಗುರಾಗುತ್ತಿತ್ತು.

ಮರುವಾರ ಹೋದೆ. ಎರಡು ಕೋಣೆಯ ಮನೆ. ಮುಂದಿನದರಲ್ಲಿ ಎರಡು ಮಗ್ಗ, ಒಂದು ಅವಳದು, ಒಂದು ಗಂಡ ವಿರೂಪಣ್ಣನದು. ಅವಳ ಮಗ್ಗದ ತೆಗ್ಗಿಗೆ ಇಣುಕಿ ನೋಡಿದೆ. ತುಳಿಯುವ ಬಲ ಹಲಗೆ ಒಂದು ಕಡೆ ಸವೆದು ಕುಳಿಯಾಗಿತ್ತು. ಅವಳ ಹೆಬ್ಬೆರಳ ಬುಡ ಊರುವ ಜಾಗ ಅದು. ಕುಳಿಯ ಸುತ್ತ ಕಪ್ಪು ಕಲೆ ಇಂಗಿತ್ತು. ಒರೆಸಿದರೂ ಹೋಗದ ಕಲೆ. ಅಲ್ಲೇ ಗೋಡೆಗೆ ಒರಗಿ ಕುಳಿತುಬಿಟ್ಟೆ. ಶಂಕ್ರವ್ವ ನನಗೆ ನೀರು ಕೊಡಿಸಿದಳು. ಬೆರಳು ಕಳೆದುಕೊಂಡವಳು ಅವಳು, ನೀರು ನನಗೆ.

ವಿರೂಪಣ್ಣ ಮಗ್ಗಕ್ಕೆ ಉದ್ದುದ್ದ ಎಳೆದ ಹಾಸು ನೂಲಿನ ಮೇಲೆ ಕೈಯಿಂದ ನೀರು ಚಿಮುಕಿಸುತ್ತಿದ್ದ. ಯಾಕೆ ಎಂದು ಕೇಳಿದೆ. ಆ ಮನೆಯಲ್ಲಿ ನಾನು ಕೇಳಿದ ಮೊದಲ ಸರಿಯಾದ ಪ್ರಶ್ನೆ ಅದು.

"ನೂಲು ಒಣಗಿದ್ರ ಪಟ್ ಅಂತ ಹರೀತೈತ್ರಿ ಅಕ್ಕಾರ" ಎಂದ. "ಹಂಗಂತ ಸುರವಿದ್ರ ಒಂದಕ್ಕೊಂದು ಅಂಟಿ, ನೂಲಿಗೆ ಹಚ್ಚಿದ ಗಂಜಿ ಬಿಡತೈತಿ. ಹದಾ ಬೇಕ್ರಿ. ಬ್ಯಾಸಗ್ಯಾಗ ಒಂದು ಹದಾ, ಮಳಿಗಾಲದಾಗ ಒಂದು. ದಿನಾ ಮುಟ್ಟಿ ನೋಡಬೇಕು, ಹೇಳಾಕ ಬರೂದಿಲ್ಲ."

ತರಬೇತಿಯಲ್ಲಿ ಅರ್ಥವಾಗದ್ದು ಆ ಮಗ್ಗದ ಪಕ್ಕ ಅರ್ಥವಾಯಿತು. ಒಣಗಿಸುವುದೂ ತಪ್ಪು, ತೋಯಿಸುವುದೂ ತಪ್ಪು. ಒಣಗಿದ ಗಾಯಕ್ಕೆ ತೇವ ಕೊಡಬೇಕು, ಸೋರುವ ಗಾಯದಿಂದ ತೇವ ತೆಗೆಯಬೇಕು, ಇಂದು ಸರಿಹೋದದ್ದು ನಾಳೆಗೆ ಸರಿಹೋಗದು. ಶಂಕ್ರವ್ವನ ಮುಂದೆ ಕುಳಿತು, "ನಿನ್ನ ಗಾಯಕ್ಕೂ ಹಂಗ ಬೇ, ಹದಾ ಬೇಕು. ಪಟ್ಟಿ ತೊಯ್ದು ಹೊರಗ ಕಂಡ್ರ ನಾ ಹೇಳಿದ ದಿನಾ ಕಾಯಬ್ಯಾಡ, ಅವತ್ತ ಬಾ" ಎಂದೆ. ಅವಳು, "ಮೊದಲ ಹಿಂಗ ಹೇಳಿದ್ರ ತಿಳೀತಿತ್ತಲ್ರಿ" ಎಂದಳು. ಅದರಲ್ಲಿ ದೂರು ಇರಲಿಲ್ಲ. ಇದ್ದಿದ್ದರೆ ಚೆನ್ನಾಗಿತ್ತು.

ಆಮೇಲೆ ನಡೆದದ್ದೆಲ್ಲ ನಿಧಾನದ ಕೆಲಸ. ಮಗ್ಗದಿಂದ ಅವಳನ್ನು ಎಬ್ಬಿಸಿದೆವು. ಸ್ಟೂಲಿನ ಮೇಲೆ ಕಾಲಿಟ್ಟುಕೊಂಡು ಗಂಡನ ಲಾಳಿಗೆ ನೂಲಿನ ಕಂಡಿಕೆ ಸುತ್ತಿ ಕೊಡುವ ಕೆಲಸ ಅವಳಿಗೆ. ಬೆಳ್ಳಿ ಪಟ್ಟಿಯನ್ನು ಕೀವು ನಿಲ್ಲುವವರೆಗೆ, ಎರಡು ವಾರ ಮಾತ್ರ ಹಾಕಿದೆ, ಈ ಸಲ ಶುದ್ಧ ನೀರಿನಲ್ಲಿ. ಅದರ ಮೇಲೆ ಸೋರಿದ್ದನ್ನು ಹೀರುವ ಸ್ಪಂಜಿನಂಥ ದಪ್ಪ ಪಟ್ಟಿ. ಸುತ್ತಲಿನ ಚರ್ಮಕ್ಕೆ ತೇವ ತಾಗದಂತೆ ಮುಲಾಮು. ಮೊದಮೊದಲು ದಿನ ಬಿಟ್ಟು ದಿನ ಬರುತ್ತಿದ್ದಳು, ಆಮೇಲೆ ನಾಲ್ಕು ದಿನಕ್ಕೊಮ್ಮೆ. ನಾನು ಬಿಚ್ಚುವ ಮೊದಲೇ, "ಇವತ್ತ ಹದಾ ಐತ್ರಿ" ಎಂದೋ, "ಒಂಚೂರು ಹೆಚ್ಚಾಗೇತ್ರಿ" ಎಂದೋ ಹೇಳುತ್ತಿದ್ದಳು. ಒಮ್ಮೆಯೂ ತಪ್ಪಲಿಲ್ಲ. ಮಳೆಗಾಲದಲ್ಲಿ ಶುರುವಾದದ್ದು ಸಂಕ್ರಾಂತಿ ದಾಟಿದ ಮೇಲೆ ಕೂಡಿತು. ಗುಲಾಬಿ ಬಣ್ಣದ ತೆಳು ಚರ್ಮ. ಬೆರಳಿಂದ ಸವರಿ ನೋಡಿ ಅತ್ತೆ, ಡ್ರೆಸ್ಸಿಂಗ್ ರೂಮಿನಲ್ಲಿ ನಾನು ಅತ್ತದ್ದು ಅದೊಂದೇ ಸಲ.

"ಇನ್ನ ಮಗ್ಗ ತುಳಿಯೂ ಹಂಗಿಲ್ಲ, ನೋಡು ಮತ್ತ" ಎಂದೆ. ಶಂಕ್ರವ್ವ ಚಪ್ಪಲಿ ಹಾಕಿಕೊಳ್ಳುತ್ತ ಬಗ್ಗಿದ್ದಳು. ಹೂಂ ಅನ್ನಲಿಲ್ಲ. ಅನ್ನದ್ದನ್ನು ನಾನೇ ಹೂಂ ಎಂದುಕೊಂಡೆ. ಮರುವರ್ಷ ನಿವೃತ್ತಳಾದೆ. ಯಾರಾದರೂ ನಿಮ್ಮ ನೌಕರಿಯಲ್ಲಿ ಏನು ಮಾಡಿದಿರಿ ಎಂದರೆ, ಒಂದು ಕಾಲು ಉಳಿಸಿದೆ ಎಂದು ಮನಸ್ಸಿನಲ್ಲೇ ಹೇಳಿಕೊಳ್ಳುತ್ತಿದ್ದೆ. ದಣಿದವರಿಗೆ ಅಂಥದ್ದೊಂದು ಬೇಕಾಗುತ್ತದೆ.

ಹೋದ ವಾರ ಮಧ್ಯಾಹ್ನ ಬಾಗಿಲು ಬಡಿದ ಸದ್ದಾಯಿತು. ತೆಗೆದರೆ ಶಂಕ್ರವ್ವ. ಗಜೇಂದ್ರಗಡದಿಂದ ಬಸ್ಸಿನಲ್ಲಿ ಒಬ್ಬಳೇ ಬಂದಿದ್ದಳು. ಬಲಗಾಲಿಗೆ ಹಳೆಯ ಮೆತ್ತನೆಯ ಬಟ್ಟೆ ಸುತ್ತಿತ್ತು. ದವಾಖಾನೆಗೆ ಹೋಗಲು ನಾಚಿಕೆಯಾಗಿ ನನ್ನ ಮನೆ ಹುಡುಕಿಕೊಂಡು ಬಂದಿದ್ದಳು. ನನಗೆ ನೋಡಿದೊಡನೆ ಗೊತ್ತಾಯಿತು.

"ಮಗ್ಗದಾಗ ಕುಂತಿ ಹೌದಲ್ಲ?"

"ಹೌದ್ರಿ."

"ಎಷ್ಟ ದಿನಾ ಆತು?"

"ನೀವ ರಿಟೈರ್ ಆದ ಮ್ಯಾಲ ಕುಂತೇನ್ರಿ."

ಸಿಟ್ಟು ನೆತ್ತಿಗೇರಿತು. ಬಾಗಿಲಲ್ಲೇ ನಿಲ್ಲಿಸಿ ಬೈದೆ. ಎಷ್ಟು ತಿಂಗಳು ಕಷ್ಟಪಟ್ಟೆ, ಯಾರ ಯಾರ ಕಾಲು ಹಿಡಿದು ಪಟ್ಟಿ ತರಿಸಿದೆ, ನನ್ನ ಮಾತಿಗೆ ಕಿಮ್ಮತ್ತೇ ಇಲ್ಲವೇ ಎಂದು ಕೂಗಾಡಿದೆ. ಅವಳು ಚೌಕಟ್ಟು ಹಿಡಿದು ಒಂದೇ ಕಾಲ ಮೇಲೆ ನಿಂತು ಎಲ್ಲ ಕೇಳಿದಳು. ನನ್ನ ಉಸಿರು ಮುಗಿದ ಮೇಲೆ ಮೆಲ್ಲಗೆ ಹೇಳಿದಳು.

"ಅಕ್ಕಾರ, ಕಾಲ ಉಳಸ್ರಿ ಅಂತ ನಿಮ್ಮ ಕೈ ಹಿಡದಿದ್ದೆ ಖರೇ. ಯಾತಕ್ಕ ಉಳಸ್ರಿ ಅಂದಿದ್ದೆ ಅಂತ ಮಾಡಿದ್ರಿ? ಆ ಸ್ಟೂಲಿನ ಮ್ಯಾಲ ಇಡಾಕೇನ್ರಿ?"

ಅವಳ ತೋಳು ಹಿಡಿದು ಒಳಗೆ ಕರೆದು ಕುರ್ಚಿಯ ಮೇಲೆ ಕೂಡಿಸಿದೆ. ಮೊದಲು ನಾನು ನೋಡುತ್ತೇನೆ, ನಾಳೆ ಬೆಳಿಗ್ಗೆ ಇಬ್ಬರೂ ದವಾಖಾನೆಗೆ ಹೋಗೋಣ, ಅಲ್ಲಿ ಡ್ರೆಸ್ಸಿಂಗ್ ರೂಮಿನಲ್ಲಿ ನನ್ನ ಪರಿಚಯದ ಹುಡುಗಿ ಇದ್ದಾಳೆ ಎಂದೆ. ಕಾಯಿಸಿ ಆರಿಸಿದ ನೀರು ತಂದೆ. ಮೊಣಕಾಲು ಬಗ್ಗುವುದಿಲ್ಲ, ಮಣೆ ಎಳೆದುಕೊಂಡು ಅವಳ ಕಾಲ ಬುಡದಲ್ಲಿ ಕುಳಿತೆ. ಬಟ್ಟೆ ಗಾಯಕ್ಕೆ ಒಣಗಿ ಅಂಟಿತ್ತು. ಅದರ ಮೇಲೆ ನೀರು ಬಿಟ್ಟೆ. ಶಂಕ್ರವ್ವ ತಾನೇ ಎಳೆಯಲು ಕೈ ಹಾಕಿದಳು.

"ತಡಿ ಬೇ, ತೊಯ್ಲಿ" ಎಂದು ಕೈ ಸರಿಸಿದೆ.

ಬಾಷಾ ಕಾಕಾ ಆ ಹೊತ್ತಿನಲ್ಲಿ ಯಾಕೆ ಅಷ್ಟು ಮಾತಾಡುತ್ತಿದ್ದರು ಎಂದು ಅಲ್ಲಿ ಕುಳಿತಾಗ ಹೊಳೆಯಿತು. ಪಟ್ಟಿ ನೆನೆಯುವಷ್ಟು ಹೊತ್ತಿನಲ್ಲಿ ಅವರು, ಆ ಕಾಲು ದಿನವಿಡೀ ಎಲ್ಲಿರುತ್ತದೆ, ಏನು ತುಳಿಯುತ್ತದೆ ಎಂದು ತಿಳಿದುಕೊಳ್ಳುತ್ತಿದ್ದರು. ನಾನು ಅದನ್ನು ಹರಟೆ ಎಂದುಕೊಂಡು ಇಡೀ ನೌಕರಿ ಮುಗಿಸಿದೆ. ಇನ್ನೊಂದಿಷ್ಟು ನೀರು ಬಿಟ್ಟೆ.

"ಮಗ್ಗದ ಮ್ಯಾಲ ಈಗ ಏನ ಐತಿ?" ಎಂದು ಕೇಳಿದೆ.

ಅವಳ ಮುಖ ಅರಳಿತು. "ಸೀರಿ ಐತ್ರಿ. ಮೈ ಮುಗದೈತಿ, ಸೆರಗ ಉಳದೈತಿ" ಎಂದಳು.